ಬಾಯಿ ಕಾಣ್ತಿಲ್ಲ ಎಂಬ ಕಂಪ್ಲೇಂಟು

ಆ ದಿನ ನನ್ನ ಪಾಲಿಗೆ ಹನ್ನೊಂದು ಮನೆ ಬಂದಿದ್ದವು. ಹತ್ತಕ್ಕೆ ಮಾಮೂಲಿ ಕಾಯಿಲೆ. ಸಿಗ್ನಲ್ ಇಲ್ಲ, ಬಾಕ್ಸ್ ಆನ್ ಆಗ್ತಿಲ್ಲ, ರಿಮೋಟನ್ನು ನಾಯಿ ಕಚ್ಚಿದೆ, ಇಂಥವೇ. ಹನ್ನೊಂದನೆಯದರ ಮುಂದೆ ನಮ್ಮ ಕೇಬಲ್ ಆಫೀಸಿನಲ್ಲಿ ಫೋನ್ ಎತ್ತುವ ಹೆಣ್ಣುಮಗಳು ಹೀಗೆ ಬರೆದಿದ್ದಳು: ‘ಹೊಸ ಟಿವಿ. ಬಾಯಿ ಕಾಣ್ತಿಲ್ಲ.’

“ಇದೇನವ್ವಾ ಇದು? ಯಾರ ಬಾಯಿ?” ಎಂದೆ.

“ಅವ್ರು ಹೇಳಿದ್ದೇ ಅಷ್ಟು ಕಣಣ್ಣ. ನಾನೇನು ಕೇಳಿದ್ರೂ ಅದನ್ನೇ ಹೇಳ್ತಾರೆ. ಆಮೇಲೆ ದಬಕ್ಕಂತ ಫೋನ್ ಇಟ್ಬಿಟ್ರು.”

ಒಂಬತ್ತು ವರ್ಷದಿಂದ ಪೀಣ್ಯ, ಜಾಲಹಳ್ಳಿ ಸುತ್ತಮುತ್ತ ಕೇಬಲ್ ಎಳೆಯುವುದು, ಕಿತ್ತಿದ್ದನ್ನು ಜೋಡಿಸುವುದು ನನ್ನ ಕೆಲಸ. ಮನೆಮನೆಗೆ ಹೋಗುವವನಿಗೆ ಊರೆಲ್ಲ ಪರಿಚಯ ಎಂದು ನಮ್ಮ ಗದಗಿನ ಕಡೆಯವರು ತಿಳಿದಿದ್ದಾರೆ. ಶುದ್ಧ ಸುಳ್ಳು. ಕೇಬಲ್‌ನವನ ಮುಖವನ್ನು ಯಾರೂ ನೋಡುವುದಿಲ್ಲ. ಬಾಗಿಲು ತೆಗೆಯುತ್ತಾರೆ, ಟಿವಿ ಕಡೆ ಕೈ ತೋರಿಸುತ್ತಾರೆ, ಅಲ್ಲಿಂದ ಮುಂದೆ ನನ್ನ ಭುಜದ ಮೇಲಿಂದ ಪರದೆಯನ್ನೇ ನೋಡುತ್ತಿರುತ್ತಾರೆ. ಚಿತ್ರ ಬಂದ ಕ್ಷಣ ನಾನು ಅಡ್ಡ. “ಸ್ವಲ್ಪ ಪಕ್ಕಕ್ಕೆ ಬನ್ನಿ” ಅನ್ನುತ್ತಾರೆ. ತವರಿಗೆಂದು ಹೋದ ಹೆಂಡತಿ ವಾಪಸ್ ಬರದೆ ಆಗ ಐದು ವರ್ಷವಾಗಿತ್ತು. ಮಹಡಿ ಮೇಲಿನ ಶೀಟಿನ ರೂಮಿನಲ್ಲಿ ಸಂಜೆ ಏಳಕ್ಕೆ ಚಿಲಕ ಹಾಕಿದರೆ ಮರುದಿನ ಆಫೀಸಿಗೆ ಹೋಗುವವರೆಗೆ ನನ್ನ ಹತ್ತಿರ ಮಾತಾಡುವವರು ಯಾರೂ ಇಲ್ಲ. ಅಯ್ಯೋ ಪಾಪ ಅನ್ನಿಸಿಕೊಳ್ಳಲು ಹೇಳುತ್ತಿಲ್ಲ. ಹನ್ನೊಂದನೆಯ ಮನೆಯ ಬಾಗಿಲಲ್ಲಿ ನಾನು ಯಾಕೆ ತಬ್ಬಿಬ್ಬಾದೆ ಎಂದು ತಿಳಿಯಲಿ ಅಂತ ಹೇಳಿದೆ.

ಬಾಗಿಲು ತೆರೆದವರು ಐವತ್ತೈದು ದಾಟಿದ ಒಬ್ಬ ಯಜಮಾನರು. ಗಟ್ಟಿ ತೋಳು, ಎಡಗೈಯಲ್ಲಿ ಅರ್ಧ ಬೆರಳಿಲ್ಲ. ಅವರು ಟಿವಿ ಕಡೆ ಕೈ ತೋರಿಸಲಿಲ್ಲ. ನನ್ನ ಮುಖವನ್ನೇ ನೋಡುತ್ತ ನಿಂತರು.

“ಕೇಬಲ್‌ದವ್ರಿ” ಎಂದೆ.

ಇನ್ನೂ ನೋಡುತ್ತಲೇ ಇದ್ದರು. ಸಾಲಗಾರನನ್ನೂ ಯಾರೂ ಹಾಗೆ ನೋಡುವುದಿಲ್ಲ. ನಾನು ಅಂಗಿಯ ಗುಂಡಿ ಮುಟ್ಟಿಕೊಂಡೆ. ಅಷ್ಟರಲ್ಲಿ ಒಳಗಿನಿಂದ ಅವರ ಮಗಳು ಬಂದಳು. ಔಷಧಿ ಪ್ಯಾಕ್ ಮಾಡುವ ಫ್ಯಾಕ್ಟರಿಗೆ ಹೊರಡುವ ಅವಸರದಲ್ಲಿದ್ದಳು.

“ಅಪ್ಪಂಗೆ ಕಿವಿ ಕೇಳ್ಸಲ್ಲ ಅಣ್ಣ. ಬಾಯಿ ನೋಡಿ ತಿಳ್ಕೋತಾರೆ. ನಿಮ್ಮ ಮೀಸೆ ಅಡ್ಡ ಬರ್ತಿದೆ, ಅದಕ್ಕೆ.”

ಯಜಮಾನರು ಪೀಣ್ಯದಲ್ಲಿ ಮೂವತ್ತು ವರ್ಷ ಪವರ್ ಪ್ರೆಸ್ ನಡೆಸಿದವರು. ತಗಡಿಟ್ಟು ಪೆಡಲ್ ಒತ್ತಿದರೆ ಒಂದೇ ಏಟಿಗೆ ಕತ್ತರಿಸುವ ಯಂತ್ರ ಅದು. ಅಂಥ ಇಪ್ಪತ್ತು ಯಂತ್ರಗಳಿರುವ ಶೆಡ್ಡಿನಲ್ಲಿ ಯಾರ ಮಾತೂ ಯಾರಿಗೂ ಕೇಳಿಸುವುದಿಲ್ಲ; ಎಲ್ಲರೂ ಎಲ್ಲರ ಬಾಯಿ ನೋಡಿಯೇ ಮಾತು ಹಿಡಿಯುತ್ತಾರೆ. ಹಾಗಾಗಿ ಕಿವಿ ಹೋಗುತ್ತಿರುವುದು ಅವರಿಗೆ ಗೊತ್ತೇ ಆಗಿರಲಿಲ್ಲ. “ಕೆಲ್ಸ ಬುಟ್ಟು ಮನೇಲಿ ಕುಂತ್ಮೇಲೆ ತಿಳೀತು ಕಣಪ್ಪ, ಮಿಷನ್ ನಿಂತ್ರೂ ಮಾತು ಬರಾಕಿಲ್ಲ ಅಂತ” ಎಂದರು. ಧ್ವನಿ ಜೋರು, ಒಂದೇ ಮಟ್ಟ. ಕಿವಿಗೆ ಹಾಕುವ ಯಂತ್ರವನ್ನೂ ನೋಡಿದ್ದರಂತೆ. ಗಡಗಡ ಎನ್ನುತ್ತದೆ, ಮಾತು ಬಿಡಿಸಿ ಕೊಡುವುದಿಲ್ಲ.

ತೊಂದರೆ ಏನೆಂದರೆ, ಅವರಿಗೆ ಪರಿಚಯದ ಬಾಯಿಗಳು ಮಾತ್ರ ಓದಲು ಬರುತ್ತಿದ್ದವು. ಶೆಡ್ಡಿನ ಗೆಳೆಯರು ಚೆದುರಿಹೋದರು. ಹೆಂಡತಿ ತೀರಿಕೊಂಡರು. ಉಳಿದದ್ದು ಮಗಳ ಬಾಯಿ ಒಂದೇ. ಹೊಸಬರು ಮಾತಾಡಿದರೆ ಸುಮ್ಮನೆ ತಲೆಯಾಡಿಸುವುದು ರೂಢಿಯಾಗಿಬಿಟ್ಟಿತ್ತು. ಹಿಂದಿನ ಯುಗಾದಿ ಹೊತ್ತಿಗೆ ಮಗಳನ್ನು ನೋಡಲು ಗಂಡಿನ ಕಡೆಯವರು ಬಂದಿದ್ದರಂತೆ. “ಬೇರೆ ಕಡೆಯೂ ಮಾತುಕತೆ ನಡೀತಿದೆಯಂತಲ್ಲ?” ಎಂದು ಕೇಳಿದ್ದಾರೆ. ಇವರು ನಗುನಗುತ್ತ ತಲೆಯಾಡಿಸಿದ್ದಾರೆ. ಬಂದವರು ಕಾಫಿ ಲೋಟ ಕೆಳಗಿಟ್ಟು ಎದ್ದು ಹೋಗಿದ್ದಾರೆ.

“ಇನ್ನು ಮೂರು ವಾರಕ್ಕೆ ಇನ್ನೊಂದ್ ಕಡೆಯೋರು ಬತ್ತಾರೆ. ಈ ಸಲ ನನ್ನಿಂದ ಕೆಡಬಾರ್ದು” ಎಂದರು. ಅದಕ್ಕೇ ದೊಡ್ಡ ಟಿವಿ ತಂದಿದ್ದು. ದಿನವೂ ಅದರಲ್ಲಿ ಹೊಸ ಹೊಸ ಬಾಯಿ ನೋಡಿ ಅಭ್ಯಾಸ ಮಾಡಬೇಕು. ಮಗಳು ಬ್ಯಾಗು ಹೆಗಲಿಗೇರಿಸುತ್ತ ನನಗೆ ಮಾತ್ರ ಕೇಳುವಂತೆ, ಅಪ್ಪನಿಗೆ ಬೆನ್ನು ಮಾಡಿ ಹೇಳಿದಳು: “ಅಪ್ಪನ್ನೂ ಕರ್ಕೊಂಡೇ ಹೋಗೋದು ನಾನು. ಅವತ್ತು ಹುಡುಗನ ಹತ್ರ ಅದನ್ನ ಹೇಳ್ತೀನಿ. ಆಗಲ್ಲ ಅಂದ್ರೆ ಮದುವೇನೇ ಬೇಡ.”

ಕಂಪ್ಲೇಂಟು ಈಗ ಅರ್ಥವಾಯಿತು. ನಲವತ್ತಮೂರು ಇಂಚಿನ ಟಿವಿಗೆ ನಮ್ಮ ಹಳೇ ಬಾಕ್ಸು. ಚಿಕ್ಕ ಚಿತ್ರವನ್ನು ಎಳೆದು ಪರದೆ ತುಂಬಿಸಿದ್ದರಿಂದ ವಾರ್ತೆ ಓದುವವಳ ಮುಖ ಕುಂಬಳಕಾಯಿಯಷ್ಟು ಅಗಲವಾಗಿತ್ತು. ತುಟಿ ಇರುವ ಜಾಗದಲ್ಲಿ ಕೆಂಪು ಕಲೆ. ಎಳೆತ ಸರಿಮಾಡಿದೆ. ಮುಖ ಮುಖವಾಯಿತು, ಕಲೆ ಕಲೆಯಾಗಿಯೇ ಉಳಿಯಿತು. ಯಜಮಾನರು ನನ್ನ ಕಡೆ ನೋಡಿ, “ಬಾಯಿ ಕಾಣಾಕಿಲ್ಲ” ಎಂದರು.

ಎಚ್‌ಡಿ ಬಾಕ್ಸ್ ಹಾಕಬೇಕಿತ್ತು. ಆಗತಾನೇ ಕನ್ನಡದ ಎಚ್‌ಡಿ ಚಾನೆಲ್‌ಗಳು ಬರತೊಡಗಿದ್ದವು. ಅದಕ್ಕೂ ಮುಂಚೆ ಎಚ್‌ಡಿ ಎಂದರೆ ಕ್ರಿಕೆಟ್ಟು, ಇಂಗ್ಲಿಷು, ಕಾಡುಪ್ರಾಣಿ, ಅಷ್ಟೇ. ನಮ್ಮ ಓನರ್ ಕೇಳಿ ನಕ್ಕರು.

“ಕಿವಿ ಕೇಳ್ದೋರಿಗೆ ಎಚ್‌ಡಿ ಯಾಕೆ ಗುರು? ಅದೂ ಅಲ್ದೆ ಆ ಲೈನಲ್ಲಿ ಎಚ್‌ಡಿ ನಿಲ್ಲಲ್ಲ. ಬೀದಿ ಕೊನೇ ಮನೆ ಅದು.”

“ಕಿವಿ ಕೇಳಂಗಿಲ್ಲ ಅಂತನ ಬೇಕ್ರಿ” ಎಂದೆ. ನನಗೆ ಸಿಟ್ಟು ಬಂದಿತ್ತು. ಅಷ್ಟು ಸಿಟ್ಟು ಯಾಕೆ ಬಂತೋ ಗೊತ್ತಿಲ್ಲ. ಬೇರೆ ಗಿರಾಕಿಗಳ ವಿಷಯದಲ್ಲಿ ನಾನು ಹೀಗೆ ವಾದ ಮಾಡಿದವನಲ್ಲ. ಐದನೇ ದಿನ ಒಂದು ಬಾಕ್ಸ್ ಸಿಕ್ಕಿತು.

ಹೋಗಿ ಹಾಕಿದೆ. ಬಾಕ್ಸಿನ ನಂಬರನ್ನು ಆಫೀಸಿಗೆ ಹೇಳಿ, ಅವರು ಅಲ್ಲಿ ಚಾಲೂ ಮಾಡುವವರೆಗೆ ಅರ್ಧ ಗಂಟೆ ಕಾದು, ಕನ್ನಡ ಎಚ್‌ಡಿ ಚಾನೆಲ್ ಇಟ್ಟು, “ನೋಡ್ರಿ ಯಜಮಾನ್ರ, ಎಚ್‌ಡಿ!” ಎಂದು ದೊಡ್ಡ ಸಾಧನೆ ಮಾಡಿದವನಂತೆ ನಿಂತೆ.

ಅವರು ಪರದೆ ನೋಡಿದರು. ನನ್ನ ನೋಡಿದರು. “ಅದೇ ಬಾಯಿ” ಎಂದರು.

“ಮೂಲ್ಯಾಗ ಎಚ್‌ಡಿ ಅಂತ ಬರದೈತಿ ನೋಡ್ರಿ!” ಎಂದು ಪರದೆಯ ಮೂಲೆಗೆ ಬೆರಳಿಟ್ಟು ತೋರಿಸಿದೆ.

“ಮೂಲೆ ಕಾಣ್ತದೆ ಕಣಪ್ಪ. ಬಾಯಿ ಕಾಣಾಕಿಲ್ಲ.”

ಟಿವಿಯ ಹಿಂದೆ ಬಗ್ಗಿ ನೋಡಿದೆ. ಕೈ ರೂಢಿಯ ಪ್ರಕಾರ ಹಳೇ ಹಳದಿ, ಕೆಂಪು, ಬಿಳಿ ವೈರುಗಳನ್ನೇ ಸಿಕ್ಕಿಸಿತ್ತು. ಅವುಗಳಲ್ಲಿ ಎಚ್‌ಡಿ ಹರಿಯುವುದೇ ಇಲ್ಲ. ಎಚ್‌ಡಿಎಂಐ ಎಂಬ ಚಪ್ಪಟೆ ಮೂತಿಯ ವೈರು ಬೇಕು. ಅಂದರೆ ಅಲ್ಲಿಯವರೆಗೆ ನಾನು ಎಷ್ಟು ಮನೆಗೆ ಎಚ್‌ಡಿ ಬಾಕ್ಸಿಟ್ಟು ಈ ಮೂರು ಬಣ್ಣದ ವೈರು ಸಿಕ್ಕಿಸಿ ಬಂದಿದ್ದೆನೋ ದೇವರಿಗೇ ಗೊತ್ತು. ಅವರೆಲ್ಲ ಮೂಲೆಯಲ್ಲಿ ಬರೆದದ್ದು ನೋಡಿಯೇ ಖುಷಿಪಟ್ಟಿದ್ದರು. ಬಾಯಿ ನೋಡಿದವರು ಇವರೊಬ್ಬರೇ. ನಾಚಿಕೆಯಾಯಿತು.

ಮರುದಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರಸ್ತೆಯಿಂದ ಆ ವೈರು ತಂದೆ. ಹಾಕಿದ ಕೂಡಲೇ ಚಿತ್ರ ಎಂಥ ಚೆಂದ ಬಂತು ಅಂತೀರಿ! ವಾರ್ತೆ ಓದುವವಳ ಹಲ್ಲಿನ ಸಂದಿ ಕಾಣಿಸಿತು. ಯಜಮಾನರು ಕುರ್ಚಿ ಎಳೆದುಕೊಂಡು, ಮುಂದಕ್ಕೆ ಬಾಗಿ, “ಇವತ್ತು... ಮಧ್ಯಾಹ್ನ... ವಿಧಾನಸೌಧದಲ್ಲಿ...” ಎಂದು ಜೋರಾಗಿ ಓದತೊಡಗಿದರು. ನಾಲ್ಕನೇ ಪದಕ್ಕೆ ಅವಳ ಮುಖ ಚೌಕ ಚೌಕವಾಗಿ ಒಡೆದು ನಿಂತುಬಿಟ್ಟಿತು. ಸರಿಯಾಗಿ ಬಾಯಿಯ ಮೇಲೆಯೇ ಒಂದು ಹಸಿರು ಚೌಕ.

ಮೀಟರ್ ಹಚ್ಚಿ ನೋಡಿದೆ. ಅರವತ್ತರ ಹತ್ತಿರ ಇರಬೇಕಾದ ಸಿಗ್ನಲ್ ನಲವತ್ತು ಚಿಲ್ಲರೆ. ಓನರ್ ಹೇಳಿದ್ದು ಸುಳ್ಳಲ್ಲ. ಬೀದಿಯ ಮೊದಲಿನ ಕಂಬದ ಆಂಪ್ಲಿಫೈಯರ್‌ನಿಂದ ಹೊರಟ ವೈರು ನಾಲ್ಕು ಮನೆಗಳ ಮಹಡಿ ದಾಟಿ, ಪ್ರತಿ ಮನೆಯಲ್ಲೂ ಕವಲೊಡೆದು, ಇವರ ಮನೆಗೆ ಬರುವಷ್ಟರಲ್ಲಿ ಉಸಿರು ಕಳೆದುಕೊಂಡಿತ್ತು. ಎರಡು ದಿನ ನನ್ನ ಊಟದ ಹೊತ್ತಿನಲ್ಲಿ ಮಹಡಿಗಳನ್ನು ಹತ್ತಿ ಇಳಿದೆ. ತುಕ್ಕು ಹಿಡಿದ ಕನೆಕ್ಟರ್‌ಗಳನ್ನು ಕತ್ತರಿಸಿ ಹೊಸದು ಹಾಕಿದೆ. ಯಾರಿಗೂ ಬೇಡವಾದ ಒಂದು ಕವಲನ್ನು ಕಿತ್ತೆಸೆದೆ. ಸಿಗ್ನಲ್ ಏರಿತು, ಆದರೆ ಸಾಲದು.

ಮೂರನೆಯ ಮನೆಯ ಮಹಡಿಯಲ್ಲಿ, ನೀರಿನ ಟ್ಯಾಂಕಿನ ಹಿಂದೆ, ಕಪ್ಪು ಟೇಪು ಸುತ್ತಿದ ಒಂದು ಗಂಟು ಸಿಕ್ಕಿತು. ಬಿಚ್ಚಿದರೆ ಒಳಗೆ ಕನೆಕ್ಟರ್ರೇ ಇಲ್ಲ. ಎರಡು ತುಂಡು ವೈರಿನ ತಾಮ್ರದ ಎಳೆಗಳನ್ನು ಸುಮ್ಮನೆ ಒಂದಕ್ಕೊಂದು ತಿರುಚಿ ಟೇಪು ಸುತ್ತಿದ್ದಾರೆ. ಮಳೆನೀರು ಕುಡಿದು ತಾಮ್ರ ಕರಿದ ಮೆಣಸಿನಕಾಯಿಯಂತಾಗಿತ್ತು. ಹಳೇ ಕಾಲದ ಕೇಬಲ್ಲಿಗೆ ಇದು ನಡೆಯುತ್ತಿತ್ತು. ಚಿತ್ರದಲ್ಲಿ ಸ್ವಲ್ಪ ಚುಕ್ಕೆ ಬೀಳುತ್ತಿತ್ತು, ಅಷ್ಟೆ. ಡಿಜಿಟಲ್‌ಗೆ ಇದು ಕುತ್ತಿಗೆ ಹಿಚುಕಿದಂತೆ.

“ಯಾವ ಕತ್ತೆ ಇದನ್ನ ಸುತ್ಯಾನೋ! ಅವನ ಕೈ ಸೇದಿಹೋಗ್ಲಿ!” ಎಂದು ಕೂಗಿದೆ.

ಬಟ್ಟೆ ಒಣಗಿಸಲು ಬಂದಿದ್ದ ಆ ಮನೆಯ ಯಜಮಾನಿ, ಈ ಊರಿನ ಮೂಲದ ಒಕ್ಕಲು ಹೆಂಗಸು, ಸೊಂಟದ ಮೇಲೆ ಕೈಯಿಟ್ಟು ನಿಂತರು. “ಇನ್ಯಾರ್ಲಾ? ನೀನೇ ಅಲ್ವಾ! ಎರಡು ವರ್ಸದ ಕೆಳಗೆ ನಮ್ಮ ನೀರಿನ ಪೈಪ್ ಹಾಕೋರು ವೈರು ಕಿತ್ತಾಕಿದಾಗ ಬಂದು ಇಂಗೇ ತಿರುಚಿ, ‘ಆಮ್ಯಾಲ ಸರಿ ಮಾಡ್ತೇನವ್ವಾ’ ಅಂದ್ಬುಟ್ಟು ಹೋದೋನು ಇವತ್ತು ಬಂದಿದೀಯ.”

ನನ್ನ ಮಾತಿನ ಧಾಟಿಯನ್ನು ಅಷ್ಟು ಸರಿಯಾಗಿ ಅಣಕಿಸಿದ್ದರಿಂದ ಇಲ್ಲ ಎನ್ನುವಂತೆಯೂ ಇರಲಿಲ್ಲ. ತೆಪ್ಪಗೆ ಹೊಸ ವೈರು ಎಳೆದೆ. ಮೀಟರ್ ಐವತ್ತೆಂಟಕ್ಕೆ ಬಂದು ನಿಂತಿತು.

ಚೌಕಗಳು ಹೋದವು. ಆಮೇಲೆ ಒಂದು ವಾರ ದಿನವೂ ಮಧ್ಯಾಹ್ನ ನನ್ನ ಬುತ್ತಿ ತೆಗೆದುಕೊಂಡು ಅವರ ಮನೆಗೇ ಹೋದೆ. ಸಿಗ್ನಲ್ ನೋಡುವ ನೆಪ. ಮಗಳು ಕೆಲಸಕ್ಕೆ ಹೋದರೆ ಅವರು ಹೇಳುವುದು ಸರಿಯೋ ತಪ್ಪೋ ಎಂದು ತಾಳೆ ನೋಡಲು ಯಾರೂ ಇರುತ್ತಿರಲಿಲ್ಲ. ಅವರು ಪರದೆ ನೋಡಿ ಹೇಳುತ್ತಿದ್ದರು, ನಾನು ಕಿವಿಗೊಟ್ಟು ಕೇಳಿ ತಲೆಯಲ್ಲೇ ಹೂಂ ಅಥವಾ ಊಹೂಂ ಎನ್ನುತ್ತಿದ್ದೆ.

ಧಾರಾವಾಹಿ ಕೆಲಸಕ್ಕೆ ಬರಲಿಲ್ಲ. ಅತ್ತೆ ಮಾತಾಡುವಾಗ ಸೊಸೆಯ ಮುಖ ತೋರಿಸುತ್ತಾರೆ, ಸೊಸೆ ಮಾತಾಡುವಾಗ ಮೈದುನನ ಮುಖ, ಅದೂ ಮೂರು ಮೂರು ಸಲ. “ಮಾತಾಡೋರ್ನ ಬುಟ್ಟು ಸುಮ್ಕಿರೋರ್ನ ತೋರುಸ್ತಾನಲ್ಲ, ಯಾವನ್ಲಾ ಇವ್ನು?” ಎಂದು ಅವರು ಕ್ಯಾಮೆರಾದವನಿಗೆ ಬೈದರು. ಅಡುಗೆ ಕಾರ್ಯಕ್ರಮದವಳು ಬಾಣಲೆಗೆ ಹೇಳುತ್ತಾಳೆಯೇ ಹೊರತು ನಮಗೆ ಹೇಳುವುದಿಲ್ಲ. ಒಂದು ಸಿನಿಮಾ ಬರುತ್ತಿತ್ತು; ಎರಡು ನಿಮಿಷ ನೋಡಿ, “ಈ ಹುಡುಗಿ ಕನ್ನಡ ಆಡ್ತಿಲ್ಲ ಕಣಪ್ಪ, ಬಾಯಲ್ಲಿ ಬರೀ ಲೆಕ್ಕ ಎಣಿಸ್ತಾವ್ಳೆ” ಎಂದರು. ಬೇರೆ ಯಾರೋ ದನಿ ಕೊಟ್ಟಿದ್ದರಿಂದ ನನ್ನ ಕಿವಿಗೆ ಅವಳು ಅಚ್ಚಗನ್ನಡದಲ್ಲಿ ಅಳುತ್ತಿದ್ದಳು. ಕೊನೆಗೆ ಕೈ ಹಿಡಿದವರು ಮಧ್ಯಾಹ್ನದ ಜ್ಯೋತಿಷಿ. ಗಡ್ಡವಿಲ್ಲ, ಮೀಸೆಯಿಲ್ಲ, ಎದುರಿಗೆ ಕೂತು ಒಂದು ಗಂಟೆ ಎಳೆದೆಳೆದು ಮಾತಾಡುತ್ತಾರೆ. ನಾಲ್ಕು ದಿನಕ್ಕೆ ಯಜಮಾನರು ಹನ್ನೆರಡು ರಾಶಿಯ ಫಲವನ್ನೂ ತಡವರಿಸದೆ ಹೇಳತೊಡಗಿದರು. ಆಮೇಲೆ ಜ್ಯೋತಿಷಿಯ ಪಕ್ಕದಲ್ಲಿ ಕೂರುವ ನಿರೂಪಕಿ, ಆಮೇಲೆ ವಾರ್ತೆಯವಳು. ಅವರ ಮುಖದಲ್ಲಿ ಒಂದು ಕಳೆ ಬಂದಿತ್ತು.

ಗಂಡಿನವರು ಬರಲು ಒಂದೇ ವಾರ ಉಳಿದಿತ್ತು. ಸೋಮವಾರ ಮುಖ್ಯರಸ್ತೆಯಲ್ಲಿ ಪೈಪ್ ಹಾಕಲು ಬಂದ ಜೆಸಿಬಿ ನಮ್ಮ ಮೇನ್ ಕೇಬಲ್ಲನ್ನು ಕಿತ್ತುಹಾಕಿತು. ಇಡೀ ಏರಿಯಾದ ಟಿವಿಗಳು ನಿಂತವು. ಗುಂಡಿ ಮುಚ್ಚುವವರೆಗೆ ಹೊಸ ಕೇಬಲ್ ಎಳೆಯುವಂತಿಲ್ಲ, ಗುಂಡಿ ಯಾವಾಗ ಮುಚ್ಚುತ್ತಾರೆಂದು ಅಗೆದವರಿಗೂ ಗೊತ್ತಿಲ್ಲ. ಜನ ನಮ್ಮ ಜನ್ಮ ಜಾಲಾಡಿದರು. ಆಫೀಸಿನ ಹೆಣ್ಣುಮಗಳು ಫೋನು ಎತ್ತುವುದನ್ನೇ ಬಿಟ್ಟಳು.

ನಾನು ಮಧ್ಯಾಹ್ನ ಹೋದಾಗ ಯಜಮಾನರು ‘ಸಿಗ್ನಲ್ ಇಲ್ಲ’ ಎಂಬ ನೀಲಿ ಪರದೆಯ ಮುಂದೆಯೇ ಕೂತಿದ್ದರು. ವಿಷಯ ಹೇಳಿದೆ. ಮೊದಲ ಸಲಕ್ಕೆ ತಿಳಿಯಲಿಲ್ಲ, ಎರಡನೇ ಸಲಕ್ಕೂ ತಿಳಿಯಲಿಲ್ಲ. ನನ್ನ ಮೀಸೆ ದಪ್ಪ. ಮೇಲ್ದುಟಿ ಪೂರ್ತಿ ಅದರೊಳಗೆ. ಅವರು ಮೂರನೇ ಸಲ ಕೇಳಲಿಲ್ಲ. ಮೆಲ್ಲಗೆ ತಲೆಯಾಡಿಸಿ ನಕ್ಕರು. ಈ ಮುಖ ಇಟ್ಟುಕೊಂಡೇ ಅಲ್ಲವೇ ಅವರು ಹಿಂದಿನ ಸಂಬಂಧ ಕಳೆದುಕೊಂಡದ್ದು?

ಅಲ್ಲಿಂದ ನೆಟ್ಟಗೆ ಕಟಿಂಗ್ ಶಾಪಿಗೆ ಹೋಗಿ, “ಮೀಸೆ ತಗದುಬಿಡು” ಎಂದೆ.

ಕಟಿಂಗ್‌ನವನ ಕೈ ನಿಂತಿತು. “ಊರಲ್ಲಿ ಯಾರಾದ್ರೂ... ಹೋಗ್ಬಿಟ್ರಾ ಅಣ್ಣ?” ಎಂದ. ಹೆತ್ತವರು ಸತ್ತರೆ ತಾನೇ ನಮ್ಮಲ್ಲಿ ಮೀಸೆ ತೆಗೆಸುವುದು. ಇಲ್ಲ ಎಂದೆ. ಆಫೀಸಿನಲ್ಲಿ ಓನರ್, “ಯಾವ ಬೆಟ್ಟು ಸೋತೆ ಮಗಾ?” ಎಂದು ಅರ್ಧ ಗಂಟೆ ನಕ್ಕರು. ಸಂಜೆ ನನ್ನ ಮೆಟ್ಟಿಲಿನಲ್ಲಿ ಎದುರಾದ ಪಕ್ಕದ ರೂಮಿನವರು ಮಾಮೂಲಿನಂತೆ ಗೋಡೆಗೆ ಸರಿದು ದಾರಿ ಬಿಟ್ಟರು. ಇಪ್ಪತ್ತು ವರ್ಷ ಸಾಕಿದ ಮೀಸೆ ಹೋದದ್ದು ಯಾರಿಗೂ ಕಾಣಿಸಲಿಲ್ಲ. ಅವತ್ತು ರೂಮಿನಲ್ಲಿ ಕನ್ನಡಿ ನೋಡಿಕೊಂಡು ಬಹಳ ಹೊತ್ತು ಕೂತಿದ್ದೆ. ನಿಜ ಹೇಳಬೇಕೆಂದರೆ ಅಳು ಬಂದಿತ್ತು.

ಮರುದಿನ ಯಜಮಾನರು ಬಾಗಿಲು ತೆರೆದವರೇ ಬಿದ್ದು ಬಿದ್ದು ನಕ್ಕರು. “ಇದೇನ್ಲಾ, ಸುಲ್ದಿರೋ ಈರುಳ್ಳಿ ಅಂಗಿದ್ದೀಯ!”

ನಿಂತ ಟಿವಿಗೆ ಬೆನ್ನು ಹಾಕಿ ಸ್ಟೂಲಿನ ಮೇಲೆ ಕೂತೆ. ಧ್ವನಿ ಮಾಡದೆ ಪೇಪರ್ ಓದಿದೆ. ಅವರು ಗಟ್ಟಿಯಾಗಿ ಹೇಳಿದರು. ಆಮೇಲೆ ನಾನೇ ಗಂಡಿನ ಸೋದರಮಾವನಾದೆ. ನಿಮ್ಮ ಮೂಲ ಊರು ಯಾವುದು? ಹುಡುಗಿ ಎಷ್ಟು ಓದಿದ್ದಾಳೆ? ನಮ್ಮ ಕಡೆ ಮದುವೆ ಹೀಗೆ ಮಾಡುತ್ತೇವೆ, ನಿಮಗೆ ಆಗಬಹುದಾ? ಒಮ್ಮೆ ಸಭ್ಯ ಮಾವ, ಒಮ್ಮೆ ಅವಸರದ ಮಾವ, ಒಮ್ಮೆ ಅಡ್ಡಮುಖ ಮಾಡಿ ಮಾತಾಡುವ ದುರಹಂಕಾರಿ ಮಾವ. ಮೊದಲ ದಿನ ನನ್ನ ಉತ್ತರ ಕರ್ನಾಟಕದ ಬಾಯಿ ಅವರಿಗೆ ಒಗ್ಗಲಿಲ್ಲ, ಮಾತು ಮುಗಿಯುವ ಕಡೆಯೆಲ್ಲ ಬೇರೆ. ಮೂರನೇ ದಿನಕ್ಕೆ ಅದನ್ನೂ ಹಿಡಿದರು.

ಅವರು ನನಗೂ ಕೆಲವು ಕಲಿಸಿದರು. ಬಂದವರನ್ನು ಕಿಟಕಿಗೆ ಎದುರಾಗಿ ಕೂರಿಸಬೇಕು, ಬೆಳಕು ಅವರ ಬಾಯಿ ಮೇಲೆ ಬೀಳಬೇಕು. ತಿಂಡಿಯನ್ನು ಮಾತು ಮುಗಿದ ಮೇಲೆಯೇ ಕೊಡಬೇಕು. ಮೊದಲೇ ಉಪ್ಪಿಟ್ಟು ಕೊಟ್ಟರೆ ಬಾಯಿ ತುಂಬ ಇಟ್ಟುಕೊಂಡು ಮಾತಾಡುತ್ತಾರೆ. “ಬಂದೋರಿಗೆ ಮೊದ್ಲು ತಿಂಡಿ ಕೊಡ್ದಿದ್ರೆ ಏನಂದ್ಕೋತಾರೆ ಅಪ್ಪ?” ಎಂದು ಮಗಳು ಗಾಬರಿಯಾದಳು. ಕೊನೆಗೆ ಮೊದಲು ಬರೀ ಕಾಫಿ, ಆಮೇಲೆ ಉಪ್ಪಿಟ್ಟು ಎಂದು ತೀರ್ಮಾನವಾಯಿತು.

ಗುರುವಾರ ಪ್ರಶ್ನೆಗಳು ಮುಗಿದ ಮೇಲೆ ಅವರೇ ಕೇಳಿದರು: “ನಿನ್ನ ಮನೇಲಿ ಯಾರವ್ರಪ್ಪ?” ಅಷ್ಟೂ ವರ್ಷ ಯಾರಿಗೂ ಹೇಳದ್ದನ್ನು ಧ್ವನಿಯಿಲ್ಲದೆ ಹೇಳಿದೆ. ಹೆಂಡತಿ ಹೋದದ್ದು, ನಾನು ಕರೆಯಲು ಹೋಗದೆ ಹಟ ಮಾಡಿದ್ದು, ಹಟ ಇಳಿದ ಮೇಲೆ ಹೋದಾಗ ಅವಳು ಹೊರಗೆ ಬರದೇ ಇದ್ದದ್ದು. ಬಾಯಿ ಮಾತ್ರ ಆಡಿಸುತ್ತಿದ್ದೆ. ಗಟ್ಟಿಯಾಗಿ ಹೇಳಿದ್ದರೆ ಅರ್ಧಕ್ಕೇ ನಿಲ್ಲಿಸುತ್ತಿದ್ದೆನೇನೋ. ಅವರು ಒಂದು ಪದವನ್ನೂ ತಪ್ಪಿಸದೆ ನೋಡಿದರು. ಮುಗಿದ ಮೇಲೆ, “ಭಾನುವಾರ ನೀನೂ ಬಾ. ನಮ್ಮ ಕಡೆ ಹುಡ್ಗ ಅಂತೀನಿ. ನಂಗೆ ಎಲ್ಲಾದ್ರೂ ತಪ್ಪೋದ್ರೆ ಅವರ ಬೆನ್ನ ಹಿಂದೆ ಕುಂತು ಬಾಯಲ್ಲಿ ಹೇಳ್ಕೊಡು” ಎಂದರು.

ಶನಿವಾರ ಮಧ್ಯಾಹ್ನ ಗುಂಡಿ ಮುಚ್ಚಿದರು. ಸಂಜೆಯೊಳಗೆ ಕೇಬಲ್ ಎಳೆದೆವು, ಟಿವಿ ಬಂತು.

ಭಾನುವಾರ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಟಿವಿ ಪಕ್ಕದ ಸ್ಟೂಲಿನಲ್ಲಿ ಕೂತೆ. ಗಂಡು, ಅವನ ತಾಯಿ, ಸೋದರಮಾವ, ಮೂವರೇ ಬಂದರು. ಹುಡುಗ ಒಳ್ಳೆಯವನಂತೆ ಕಂಡ. ಬೆಳಕು ಅವರ ಮುಖದ ಮೇಲಿತ್ತು. ಸೋದರಮಾವನಿಗೆ ನನ್ನ ಹಳೇ ಮೀಸೆಗಿಂತ ದಪ್ಪ ಮೀಸೆ. ನೋಡಿದ ಕೂಡಲೇ ನನಗೆ ಬೆವರು ಬಂತು. ಅವರು ಕೇಳಿದರು, ಯಜಮಾನರು ಉತ್ತರಿಸಿದರು. ಅವರು ತಮಾಷೆ ಮಾಡಿದರು, ಯಜಮಾನರು ಸರಿಯಾದ ಹೊತ್ತಿಗೆ ನಕ್ಕರು. ಒಂದು ಪ್ರಶ್ನೆಗೆ, “ಮೀಸೆ ಅಡ್ಡ ಬತ್ತದೆ, ಇನ್ನೊಂದ್ ಕಿತ ಹೇಳಿ ಸ್ವಾಮಿ” ಎಂದು ರಾಜಾರೋಷವಾಗಿ ಕೇಳಿದರು. ಸುಮ್ಮನೆ ತಲೆಯಾಡಿಸಲಿಲ್ಲ. ನಾನು ಬಾಯಿ ತೆರೆಯುವ ಪ್ರಮೇಯವೇ ಬರಲಿಲ್ಲ. ನನಗೆ ಎದ್ದು ಕುಣಿಯಬೇಕು ಎನ್ನಿಸಿತು.

ಮಗಳು ಕಾಫಿ ಕೊಟ್ಟು, ಎರಡು ಮಾತಾಡಿ, ಉಪ್ಪಿಟ್ಟು ತರಲು ಒಳಗೆ ಹೋದಳು. ಹುಡುಗ ಫೋನ್ ಬಂತೆಂದು ಜಗಲಿಗೆ ಎದ್ದ. ಆಗ ಅವನ ತಾಯಿ ಅಣ್ಣನ ಕಡೆ ಸ್ವಲ್ಪ ವಾಲಿ, ಬಹಳ ಮೆತ್ತಗೆ ಹೇಳಿದರು:

“ಹುಡುಗಿ ಒಪ್ಪಿಗೆನೇ. ಆದ್ರೆ ಒಬ್ಳೇ ಮಗಳು. ನಾಳೆ ಈ ಕಿವುಡಪ್ಪನೂ ನಮ್ಮ ಹುಡುಗನಿಗೇ ಗಂಟು ಬೀಳ್ತಾನೆ. ಅದೊಂದು ನೋಡ್ಕೋ.”

ಕೆಟ್ಟ ಹೆಂಗಸಲ್ಲ. ಕಿವಿ ಕೇಳದವರ ಮುಂದೆ ಎಲ್ಲರೂ ಹೀಗೇ ಮಾತಾಡುತ್ತಾರೆ. ನಾನು ಯಜಮಾನರನ್ನು ನೋಡಿದೆ. ಅವರ ಕಣ್ಣು ಆ ತಾಯಿಯ ಬಾಯಿಯ ಮೇಲಿತ್ತು. ಮಾತು ಮುಗಿಯುವವರೆಗೂ ಅಲ್ಲೇ ಇತ್ತು. ಆಮೇಲೆ ಅವರು ಲೋಟ ಎತ್ತಿ ಉಳಿದ ಕಾಫಿ ಕುಡಿದು ಕೆಳಗಿಟ್ಟರು.

ಉಪ್ಪಿಟ್ಟು ಬಂತು. ಹುಡುಗ ಒಳಗೆ ಬಂದು ಕೂತ. ಮಗಳು ತಟ್ಟೆ ಕೊಟ್ಟು, ಸೆರಗು ಸರಿಮಾಡಿಕೊಂಡು, “ನಾನೊಂದು ಮಾತು ಹೇಳ್ಬೇಕಿತ್ತು...” ಎಂದು ಶುರುಮಾಡಿದಳು. ಯಜಮಾನರು ಅಷ್ಟನ್ನು ಓದಿದವರೇ ಅವಳಿಂದ ಮುಖ ತಿರುಗಿಸಿದರು. ತಮ್ಮ ಆ ಜೋರು ಧ್ವನಿಯಲ್ಲಿ ಸೋದರಮಾವನಿಗೆ ಹೇಳಿದರು:

“ಅದಕ್ಕೂ ಮೊದ್ಲು ನಂದೊಂದು ಮಾತೈತೆ ಸ್ವಾಮಿ. ಮದುವೆ ಆದ್ಮೇಲೆ ಮಗಳ ಮನೇಲಿ ಬಂದಿರು ಅಂತ ನನ್ನ ಯಾರೂ ಬಲವಂತ ಮಾಡ್ಬಾರ್ದು. ಈ ಮನೆ ಬುಟ್ಟು ನಾನೆಲ್ಲೂ ಬರೋನಲ್ಲ. ನಂಗೆ ಇಲ್ಲಿ ಏನು ಕಮ್ಮಿ? ಒಸಾ ಟಿವಿ ತಂದಿವ್ನಿ. ಹಾಕಪ್ಪ, ಬೀಗ್ರಿಗೆ ತೋರ್ಸು.”

“ಅಪ್ಪಾ!” ಎಂದಳು ಮಗಳು. ಅವರು ಇನ್ನೂ ಅವಳ ಬಾಯಿ ಕಾಣದ ಕಡೆಗೇ ಮುಖ ಮಾಡಿಕೊಂಡಿದ್ದರು.

ನಾನು ಟಿವಿ ಹಾಕಿದೆ. ಯಾವುದೋ ಹೆಂಗಸು ಹಾಡುತ್ತಿದ್ದಳು. ಮೂಗುತಿಯ ಹರಳೂ ಎಣಿಸುವಷ್ಟು ಸ್ಪಷ್ಟ. “ಏನ್ ಕ್ಲಿಯರ್ ಆಗಿದೆ ಕಣ್ರೀ!” ಎಂದರು ಸೋದರಮಾವ. ತಾಯಿಯ ಮುಖ ಸಡಿಲವಾಗಿ ಬೆಳಗಿತು. ಅಷ್ಟು ಹೊತ್ತಿನಲ್ಲಿ ಅವರು ನಕ್ಕದ್ದು ಅದೇ ಮೊದಲು. ಹತ್ತು ನಿಮಿಷದಲ್ಲಿ ನಮಗೆ ಒಪ್ಪಿಗೆ ಎಂದರು. ಹೋಗುವಾಗ ಹುಡುಗ ಯಜಮಾನರ ಕಾಲು ಮುಟ್ಟಿದ.

ಅವರ ಆಟೋ ತಿರುವು ದಾಟುವವರೆಗೆ ಮೂವರೂ ಬಾಗಿಲಲ್ಲಿ ನಿಂತಿದ್ದೆವು. ಒಳಗೆ ಬಂದ ಕೂಡಲೇ ಮಗಳು ಅಪ್ಪನನ್ನು ಬಿಟ್ಟು ನನ್ನ ತೋಳು ಹಿಡಿದಳು. ಕಣ್ಣಲ್ಲಿ ನೀರಿತ್ತು.

“ನಿಜ ಹೇಳಿ ಅಣ್ಣ. ನಾನು ಒಳಗೆ ಹೋದಾಗ ಅವ್ರು ಏನಾದ್ರೂ ಅಂದ್ರಾ? ಇಲ್ದಿದ್ರೆ ಅಪ್ಪ ಯಾಕೆ ಹಂಗಂದ್ರು?”

ಅವಳ ಭುಜದ ಹಿಂದೆ ಯಜಮಾನರು ನಿಂತಿದ್ದರು. ಅವರು ನನ್ನ ಬಾಯಿಯನ್ನು ನೋಡುತ್ತಿದ್ದರು.

ಹೇಳಿಬಿಡಬೇಕು ಎನ್ನಿಸಿತ್ತು. ಹೇಳಿದರೆ ಅವಳು ಹೋಗುವುದಿಲ್ಲ, ಹೇಳದಿದ್ದರೆ ಇವರು ಈ ಮನೆಯಲ್ಲಿ ಒಬ್ಬರೇ. ಒಬ್ಬರೇ ಇರುವುದು ಹೇಗಿರುತ್ತದೆಂದು ಆ ಕೋಣೆಯಲ್ಲಿದ್ದ ಮೂವರಲ್ಲಿ ನನಗೆ ಚೆನ್ನಾಗಿ ಗೊತ್ತಿತ್ತು.

“ಏನೂ ಅನ್ನಲಿಲ್ಲ ತಂಗಿ” ಎಂದೆ. ಒಂದೊಂದು ಅಕ್ಷರವನ್ನೂ ಬಿಡಿಸಿ, ಬಾಯಿ ಪೂರ್ತಿ ತೆರೆದು ಹೇಳಿದೆ. “ಕಾಫಿ ಛಲೋ ಐತಿ ಅಂದ್ರು, ಅಷ್ಟ.”

ಯಜಮಾನರು ಕಣ್ಣು ತೆಗೆದರು. ಬಗ್ಗಿ, ಬಂದವರ ಖಾಲಿ ಲೋಟಗಳನ್ನು ಒಂದೊಂದಾಗಿ ತಟ್ಟೆಗೆ ಎತ್ತಿಡತೊಡಗಿದರು.